ತಾವೇ ಕಾಣದ ಸಂಖ್ಯೆಗೆ ಹೆಸರಾದ ಅವೊಗಾಡ್ರೊ

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದಿದ ಯಾರನ್ನೇ ಕೇಳಿದರೂ 6.022 ಎಂಬ ಅಂಕಿಯನ್ನು ಥಟ್ಟನೆ ಹೇಳಿಬಿಡುತ್ತಾರೆ. ಅದರ ಬೆನ್ನಿಗೇ 10ರ 23ನೇ ಘಾತ ಎಂದು ಸೇರಿಸುವುದನ್ನೂ ಮರೆಯುವುದಿಲ್ಲ. ಕಾಲೇಜು ಬಿಟ್ಟು ಹತ್ತಾರು ವರ್ಷ ಕಳೆದು, ಕಲಿತ ರಸಾಯನಶಾಸ್ತ್ರವೆಲ್ಲ ಆವಿಯಾಗಿ ಹೋದವರ ನೆನಪಿನಲ್ಲೂ ಈ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಅವೊಗಾಡ್ರೊ ಸಂಖ್ಯೆ ಎಂದು ಅದಕ್ಕೆ ಹೆಸರು. ಆದರೆ ಆ ಹೆಸರಿನ ಮನುಷ್ಯ ಯಾರು, ಯಾವ ಊರಿನವರು, ಏನು ಮಾಡಿದರು ಎಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಸ್ವಾರಸ್ಯವೆಂದರೆ, ಈ ಸಂಖ್ಯೆಯನ್ನು ಕಂಡುಹಿಡಿದವರು ಅವೊಗಾಡ್ರೊ ಅಲ್ಲ. ಅದರ ಬೆಲೆ ಎಷ್ಟೆಂಬುದು ಅವರಿಗೆ ಬದುಕಿನ ಕೊನೆಯವರೆಗೂ ಗೊತ್ತಿರಲಿಲ್ಲ. ಅವರು ತೀರಿಕೊಂಡು 53 ವರ್ಷಗಳಾದ ಮೇಲೆ ಫ್ರಾನ್ಸಿನ ವಿಜ್ಞಾನಿಯೊಬ್ಬರು ಗೌರವಾರ್ಥವಾಗಿ ಅವರ ಹೆಸರನ್ನು ಅದಕ್ಕೆ ಇಟ್ಟರು. ಅವೊಗಾಡ್ರೊ ಕೊಟ್ಟದ್ದು ಒಂದು ವಿಚಾರವನ್ನು ಮಾತ್ರ. ಆ ವಿಚಾರವನ್ನು ಅರ್ಧ ಶತಮಾನ ಕಾಲ ರಸಾಯನ ಜಗತ್ತು ಬಹುಮಟ್ಟಿಗೆ ಕಿವಿಯ ಮೇಲೆ ಹಾಕಿಕೊಳ್ಳಲೇ ಇಲ್ಲ.

ವಕೀಲರ ವಂಶ

ಇಂದಿನ ಇಟಲಿಯ ವಾಯವ್ಯ ಭಾಗದಲ್ಲಿರುವ ಟ್ಯೂರಿನ್ ನಗರದಲ್ಲಿ 1776ರ ಆಗಸ್ಟ್ 9ರಂದು ಅವೊಗಾಡ್ರೊ ಜನಿಸಿದರು. ಪೂರ್ಣ ಹೆಸರು ಲೊರೆಂಜೊ ರೊಮಾನೊ ಅಮೆಡಿಯೊ ಕಾರ್ಲೊ ಅವೊಗಾಡ್ರೊ. ಅದರ ಜೊತೆಗೆ ಕ್ವಾರೆನ್ಯ ಮತ್ತು ಚೆರ್ರೆಟೊ ಎಂಬ ಎರಡು ಊರುಗಳ ಹೆಸರೂ ಅಂಟಿಕೊಂಡಿತ್ತು. ಕೌಂಟ್ ಪದವಿಯ ಶ್ರೀಮಂತ ಮನೆತನ ಅದು. ಆಗ ಇಟಲಿ ಎಂಬ ಒಂದು ದೇಶ ಇರಲಿಲ್ಲ. ಟ್ಯೂರಿನ್ ನಗರವು ಸವಾಯ್ ರಾಜವಂಶ ಆಳುತ್ತಿದ್ದ ಪೀಡ್‌ಮಾಂಟ್-ಸಾರ್ಡೀನಿಯ ರಾಜ್ಯದ ರಾಜಧಾನಿಯಾಗಿತ್ತು.

ತಂದೆ ಫಿಲಿಪ್ಪೊ ಹೆಸರಾಂತ ನ್ಯಾಯವಾದಿ ಮತ್ತು ನ್ಯಾಯಾಧಿಕಾರಿ. ಮನೆತನದಲ್ಲಿ ಹಲವು ತಲೆಮಾರುಗಳಿಂದ ಚರ್ಚಿನ ಕಾನೂನು ವ್ಯವಹಾರವೇ ವೃತ್ತಿ. ಅವೊಗಾಡ್ರೊ ಎಂಬ ಮನೆಹೆಸರಿನ ಮೂಲದಲ್ಲೇ ವಕೀಲ ಎಂಬ ಅರ್ಥವಿದೆ ಎನ್ನುತ್ತಾರೆ. ನಮ್ಮಲ್ಲಿ ಶಾನುಭೋಗರ ಮನೆಯ ಹುಡುಗ ಲೆಕ್ಕದ ಕಡತ ಹಿಡಿಯುತ್ತಿದ್ದಂತೆ ಅಮೆಡಿಯೊ ಕೂಡ ಮರುಮಾತಿಲ್ಲದೆ ಕಾನೂನು ಓದಿದರು. 16ನೇ ವಯಸ್ಸಿಗೆ ಕಾನೂನಿನಲ್ಲಿ ಪದವಿ, 20ನೇ ವಯಸ್ಸಿಗೆ ಅಂದರೆ 1796ರಲ್ಲಿ ಚರ್ಚಿನ ಕಾನೂನಿನಲ್ಲಿ ಡಾಕ್ಟರೇಟ್. ನಂತರ ವಕೀಲಿ ವೃತ್ತಿ ಆರಂಭಿಸಿದರು. ಅಷ್ಟರಲ್ಲಿ ನೆಪೋಲಿಯನ್ನನ ಸೈನ್ಯ ಪೀಡ್‌ಮಾಂಟ್‌ಗೆ ಕಾಲಿಟ್ಟಿತ್ತು. 1801ರಲ್ಲಿ ಫ್ರೆಂಚ್ ಆಡಳಿತದ ಕಚೇರಿಯೊಂದರಲ್ಲಿ ಕಾರ್ಯದರ್ಶಿಯ ಹುದ್ದೆ ದೊರೆಯಿತು. ಬದುಕು ಅಲ್ಲಿಗೇ ನೆಲೆ ನಿಂತಿದ್ದರೆ ಇಂದು ಈ ಹೆಸರನ್ನು ಯಾರೂ ಉಚ್ಚರಿಸುತ್ತಿರಲಿಲ್ಲ.

ಹಾಗಾಗಲಿಲ್ಲ. 1800ರ ಸುಮಾರಿಗೆ ಈ ತರುಣ ವಕೀಲರು ಖಾಸಗಿಯಾಗಿ ಗಣಿತ ಮತ್ತು ಭೌತಶಾಸ್ತ್ರವನ್ನು ಅಭ್ಯಾಸ ಮಾಡತೊಡಗಿದರು. ಅದೇ ವರ್ಷ ಇಟಲಿಯವರೇ ಆದ ಅಲೆಸ್ಸಾಂಡ್ರೊ ವೋಲ್ಟಾ ತಮ್ಮ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ್ದರು. ವಿದ್ವತ್ ವಲಯದಲ್ಲಿ ಎಲ್ಲೆಲ್ಲೂ ವಿದ್ಯುತ್ತಿನದೇ ಮಾತು. ಅವೊಗಾಡ್ರೊ ತಮ್ಮ ಸಹೋದರ ಫೆಲಿಚೆ ಜೊತೆ ಸೇರಿ ವಿದ್ಯುತ್ತನ್ನು ಕುರಿತು 1803ರಲ್ಲಿ ಪ್ರಬಂಧವೊಂದನ್ನು ಟ್ಯೂರಿನ್ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದರು. ಮರುವರ್ಷವೇ ಅಕಾಡೆಮಿಯ ಸಂವಾದಿ ಸದಸ್ಯತ್ವ ಒಲಿಯಿತು. 1806ರಲ್ಲಿ ಕಾಲೇಜೊಂದರಲ್ಲಿ ಪ್ರಯೋಗ ತೋರಿಸುವ ಕೆಲಸ ಸಿಕ್ಕಾಗ ವಕೀಲಿ ವೃತ್ತಿಗೆ ವಿದಾಯ ಹೇಳಿದರು. 1809ರಲ್ಲಿ ಟ್ಯೂರಿನ್ನಿನಿಂದ ಈಶಾನ್ಯಕ್ಕಿರುವ ವೆರ್ಚೆಲ್ಲಿ ಎಂಬ ಸಣ್ಣ ಪಟ್ಟಣದ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಭತ್ತದ ಗದ್ದೆಗಳಿಗೆ ಹೆಸರಾದ ಊರು ಅದು. ರಸಾಯನಶಾಸ್ತ್ರದ ಪಂಡಿತರೆಲ್ಲ ಪ್ಯಾರಿಸ್, ಲಂಡನ್, ಸ್ಟಾಕ್‌ಹೋಮ್‌ಗಳಲ್ಲಿ ಕುಳಿತಿದ್ದ ಕಾಲದಲ್ಲಿ ಇಂಥ ಮೂಲೆಯ ಊರಿನಿಂದ ಆ ಶಾಸ್ತ್ರದ ಅತಿ ದೊಡ್ಡ ಗಂಟು ಬಿಡಿಸಿಕೊಂಡಿತು.

ಆವಿಯ ಒಗಟು

ಆ ಗಂಟು ಯಾವುದೆಂದು ತಿಳಿಯಲು ಇಬ್ಬರು ಸಮಕಾಲೀನರ ಕಡೆ ನೋಡಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಶಾಲಾ ಮೇಷ್ಟರಾಗಿದ್ದ ಜಾನ್ ಡಾಲ್ಟನ್ 1808ರಲ್ಲಿ ಪರಮಾಣು ಸಿದ್ಧಾಂತವನ್ನು ಪುಸ್ತಕ ರೂಪದಲ್ಲಿ ಹೊರತಂದಿದ್ದರು. ಪ್ರತಿ ಧಾತುವಿಗೂ ಅದರದೇ ತೂಕದ ಪರಮಾಣು ಉಂಟು, ಅವು ಕೂಡಿಕೊಂಡು ಸಂಯುಕ್ತ ವಸ್ತುಗಳಾಗುತ್ತವೆ ಎಂಬುದು ಅದರ ಸಾರ. ಆದರೆ ಎಷ್ಟಕ್ಕೆ ಎಷ್ಟು ಕೂಡುತ್ತವೆ ಎಂಬುದನ್ನು ತಿಳಿಯುವ ದಾರಿ ಡಾಲ್ಟನ್ ಬಳಿ ಇರಲಿಲ್ಲ. ನೀರಿನಲ್ಲಿ ಒಂದು ಜಲಜನಕಕ್ಕೆ ಒಂದು ಆಮ್ಲಜನಕ ಎಂದು ಸರಳವಾಗಿ ಊಹಿಸಿಕೊಂಡರು. ಆ ಊಹೆಯ ಮೇಲೆ ಲೆಕ್ಕ ಹಾಕಿ, ಜಲಜನಕದ ತೂಕ 1 ಆದರೆ ಆಮ್ಲಜನಕದ್ದು 7 ಎಂದರು. ಇಂದು ನಾವು ತಿಳಿದಿರುವ ಬೆಲೆ 16.

ಪ್ಯಾರಿಸ್ಸಿನಲ್ಲಿ ಗೇ-ಲುಸಾಕ್ ಅವರದು ಬೇರೆ ದಾರಿ. ಅವರು ಅನಿಲಗಳನ್ನು ತೂಗುವ ಬದಲು ಅಳೆದರು. ಎರಡು ಪಾತ್ರೆ ಜಲಜನಕಕ್ಕೆ ಒಂದು ಪಾತ್ರೆ ಆಮ್ಲಜನಕ ಸೇರಿದರೆ ಎರಡು ಪಾತ್ರೆ ನೀರಾವಿ. ಒಂದು ಪಾತ್ರೆ ಸಾರಜನಕಕ್ಕೆ ಮೂರು ಪಾತ್ರೆ ಜಲಜನಕ ಸೇರಿದರೆ ಎರಡು ಪಾತ್ರೆ ಅಮೋನಿಯ. ಎಲ್ಲವೂ ಒಂದು, ಎರಡು, ಮೂರು ಎಂಬ ಚಿಕ್ಕ ಚೊಕ್ಕ ಅಂಕಿಗಳು. ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಕಣಗಳಿರಬೇಕು ಎಂಬ ಅನುಮಾನ ಇದರಿಂದ ಯಾರಿಗಾದರೂ ಹುಟ್ಟಬೇಕಾದದ್ದೇ. ಡಾಲ್ಟನ್‌ಗೂ ಅದು ಹೊಳೆದಿತ್ತು. ಆದರೆ ಅವರು ಅದನ್ನು ತಳ್ಳಿಹಾಕಿದರು. ತಳ್ಳಿಹಾಕಲು ಗಟ್ಟಿಯಾದ ಕಾರಣವೂ ಇತ್ತು.

ಕಾರಣ ಹೀಗಿದೆ. ನೀರಿನ ಕಣವೆಂದರೆ ಆಮ್ಲಜನಕದ ಕಣಕ್ಕೆ ಜಲಜನಕ ಸೇರಿದ್ದು ತಾನೆ? ಹಾಗಿದ್ದಲ್ಲಿ ನೀರಿನ ಕಣ ಆಮ್ಲಜನಕದ ಕಣಕ್ಕಿಂತ ಭಾರವಾಗಲೇಬೇಕು. ಒಂದೇ ಗಾತ್ರದಲ್ಲಿ ಒಂದೇ ಸಂಖ್ಯೆಯ ಕಣಗಳಿದ್ದರೆ ನೀರಾವಿಯೂ ಆಮ್ಲಜನಕಕ್ಕಿಂತ ಭಾರವಾಗಿರಬೇಕು. ವಾಸ್ತವದಲ್ಲಿ ನೀರಾವಿ ಹಗುರ. ಇದಲ್ಲದೆ, ಒಂದು ಪಾತ್ರೆ ಆಮ್ಲಜನಕದಿಂದ ಎರಡು ಪಾತ್ರೆ ನೀರಾವಿ ಬರಬೇಕಾದರೆ ಪ್ರತಿ ಆಮ್ಲಜನಕದ ಕಣವೂ ಎರಡು ಹೋಳಾಗಬೇಕು. ಪರಮಾಣು ಒಡೆಯಲಾರದ್ದು ಎಂದು ಸಾರಿದ ಡಾಲ್ಟನ್ ಇದನ್ನು ಒಪ್ಪುವುದಾದರೂ ಹೇಗೆ?

ಅವೊಗಾಡ್ರೊ ಒಪ್ಪಿದರು. 1811ರಲ್ಲಿ ಪ್ಯಾರಿಸ್ಸಿನ ಭೌತಶಾಸ್ತ್ರ ಪತ್ರಿಕೆಯೊಂದರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಎರಡು ಮಾತುಗಳಿದ್ದವು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಾನ ಗಾತ್ರದ ಎಲ್ಲ ಅನಿಲಗಳಲ್ಲೂ ಅಣುಗಳ ಸಂಖ್ಯೆ ಸಮಾನ ಎಂಬುದು ಮೊದಲನೆಯದು. ಪಠ್ಯಪುಸ್ತಕಗಳಲ್ಲಿ ಅವೊಗಾಡ್ರೊ ನಿಯಮವೆಂದು ಅಚ್ಚಾಗುವುದು ಇದೇ. ಆದರೆ ಅಸಲು ಧೈರ್ಯವಿದ್ದದ್ದು ಎರಡನೆಯದರಲ್ಲಿ. ಜಲಜನಕ, ಆಮ್ಲಜನಕ, ಸಾರಜನಕಗಳಂಥ ಶುದ್ಧ ಧಾತುಗಳ ಅನಿಲದಲ್ಲೂ ಬಿಡಿ ಪರಮಾಣುಗಳು ಅಲೆದಾಡುತ್ತಿರುವುದಿಲ್ಲ, ಅವು ಜೋಡಿಯಾಗಿ ಕೂಡಿಕೊಂಡಿರುತ್ತವೆ ಎಂದು ಅವರು ತರ್ಕಿಸಿದರು. ಒಡೆಯುವುದು ಪರಮಾಣುವಲ್ಲ, ಜೋಡಿ. ಆಮ್ಲಜನಕದ ಒಂದು ಅಣು ಎರಡು ಭಾಗವಾಗಿ ಎರಡು ನೀರಿನ ಅಣುಗಳಲ್ಲಿ ಹಂಚಿಹೋಗುತ್ತದೆ. ನೀರಿನ ಅಣುವಿನಲ್ಲಿರುವುದು ಆಮ್ಲಜನಕದ ಅಣುವಿನ ಅರ್ಧ ಭಾಗ ಮಾತ್ರವಾದ್ದರಿಂದಲೇ ನೀರಾವಿ ಹಗುರ. ಒಗಟು ಬಿಡಿಸಿತು. ಅವೊಗಾಡ್ರೊ ಪರಮಾಣು ಎಂಬ ಪದವನ್ನೇ ಬಳಸಲಿಲ್ಲ, ಎಲ್ಲಕ್ಕೂ ಬಗೆಬಗೆಯ ವಿಶೇಷಣ ಹಚ್ಚಿ ಅಣು ಎಂದೇ ಕರೆದರು ಎಂಬುದು ಬೇರೆ ಮಾತು. ಓದುಗರಿಗೆ ಅದು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ.

ಇದರಿಂದ ಆದ ಲಾಭ ಸಣ್ಣದಲ್ಲ. ಸಮಾನ ಗಾತ್ರದಲ್ಲಿ ಸಮಾನ ಸಂಖ್ಯೆಯ ಅಣುಗಳಿದ್ದರೆ, ಎರಡು ಅನಿಲಗಳನ್ನು ಒಂದೇ ಅಳತೆಯ ಪಾತ್ರೆಯಲ್ಲಿ ತುಂಬಿ ತೂಗಿದರೆ ಸಾಕು, ಅವುಗಳ ಒಂದೊಂದು ಅಣುವಿನ ತೂಕದ ಅನುಪಾತ ದೊರೆಯುತ್ತದೆ. ಕಣ್ಣಿಗೆ ಕಾಣದ ಕಣವನ್ನು ತಕ್ಕಡಿಗೆ ಹಾಕಿದಂತೆ. ಅಂದು ಲಭ್ಯವಿದ್ದ ಸಾಂದ್ರತೆಯ ಅಂಕಿಗಳನ್ನು ಭಾಗಿಸಿ ಆಮ್ಲಜನಕದ ಅಣು ಜಲಜನಕದ ಅಣುವಿಗಿಂತ 15.074 ಪಟ್ಟು ಭಾರ ಎಂದು ಅವೊಗಾಡ್ರೊ ಲೆಕ್ಕ ಕೊಟ್ಟರು. ಸರಿಯಾದ ಉತ್ತರಕ್ಕೆ ಡಾಲ್ಟನ್‌ರ 7ಕ್ಕಿಂತ ಇದು ಎಷ್ಟು ಹತ್ತಿರ ಎಂಬುದನ್ನು ಹೇಳಬೇಕಿಲ್ಲ.

ಕೇಳುವವರಿಲ್ಲ

ಇಂಥ ಪ್ರಬಂಧ ಹೊರಬಿದ್ದ ಮೇಲೆ ಯೂರೋಪು ಅಲ್ಲೋಲಕಲ್ಲೋಲ ಆಗಬೇಕಿತ್ತು. ಏನೂ ಆಗಲಿಲ್ಲ. 1814ರಲ್ಲಿ ಫ್ರಾನ್ಸಿನ ಆಂಪೇರ್ ಸ್ವತಂತ್ರವಾಗಿ ಇದೇ ಬಗೆಯ ವಿಚಾರವನ್ನು ಮಂಡಿಸಿದರು. ಅದಕ್ಕೂ ಅಂಥ ಸ್ವಾಗತ ಸಿಗಲಿಲ್ಲ.

ಅಡ್ಡಿಗಳು ಹಲವು. ಆ ಕಾಲದ ರಸಾಯನಶಾಸ್ತ್ರದ ಹಿರಿಯ ಅಧಿಕಾರವಾಣಿ ಎಂದರೆ ಸ್ವೀಡನ್ನಿನ ಬರ್ಜೀಲಿಯಸ್. ಪರಮಾಣುಗಳು ವಿದ್ಯುತ್ತಿನ ಧನ-ಋಣ ಆಕರ್ಷಣೆಯಿಂದ ಕೂಡುತ್ತವೆ ಎಂಬುದು ಅವರ ಸಿದ್ಧಾಂತ. ಆ ಪ್ರಕಾರ ಒಂದೇ ಬಗೆಯ ಎರಡು ಪರಮಾಣುಗಳು ಪರಸ್ಪರ ದೂರ ತಳ್ಳಬೇಕೇ ಹೊರತು ಜೋಡಿಯಾಗುವಂತಿಲ್ಲ. ಎರಡು ಜಲಜನಕಗಳು ಏಕೆ ಕೂಡುತ್ತವೆ ಎಂಬುದಕ್ಕೆ ಅವೊಗಾಡ್ರೊ ಬಳಿಯೂ ಉತ್ತರವಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಎಲೆಕ್ಟ್ರಾನುಗಳ ಅರಿವು ಮೂಡುವವರೆಗೂ ಅದಕ್ಕೆ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ. ಮೇಲಾಗಿ ಅವೊಗಾಡ್ರೊ ಪ್ರಯೋಗಶಾಲೆಯಲ್ಲಿ ಹೆಸರು ಮಾಡಿದವರಲ್ಲ. ಬೇರೆಯವರು ಅಳೆದ ಅಂಕಿಗಳನ್ನು ಮುಂದಿಟ್ಟುಕೊಂಡು ತರ್ಕಿಸುವುದು ಅವರ ರೀತಿ. ಪತ್ರ ವ್ಯವಹಾರ ಕಡಿಮೆ, ಪ್ರವಾಸ ಕಡಿಮೆ, ಶಿಷ್ಯ ಪರಂಪರೆ ಇಲ್ಲ. ಅನಿಲಗಳಿಗೆ ಹೊಂದುವ ವಿಚಾರವನ್ನು ಸಾಕಷ್ಟು ಆಧಾರವಿಲ್ಲದೆ ಘನ ವಸ್ತುಗಳಿಗೂ ಎಳೆದದ್ದು ಅವರದೇ ದೌರ್ಬಲ್ಯ ಎಂದು ಒಪ್ಪಿಕೊಳ್ಳಬೇಕು. ಎಲ್ಲ ತಪ್ಪನ್ನೂ ಲೋಕದ ತಲೆಗೆ ಕಟ್ಟುವುದು ನ್ಯಾಯವಲ್ಲ.

1826ರ ವೇಳೆಗೆ ಫ್ರಾನ್ಸಿನ ಡ್ಯೂಮಾ ಈ ವಿಚಾರವನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದರು. ಪಾದರಸ, ರಂಜಕ, ಗಂಧಕಗಳನ್ನು ಕಾಸಿ ಆವಿ ಮಾಡಿ ತೂಗಿದರು. ಫಲಿತಾಂಶ ಗೊಂದಲಮಯ. ನಿರೀಕ್ಷೆಗೆ ಹೋಲಿಸಿದರೆ ಪಾದರಸದ ಆವಿ ಅರ್ಧ ತೂಗಿತು, ರಂಜಕದ್ದು ಎರಡು ಪಟ್ಟು, ಗಂಧಕದ್ದು ಮೂರು ಪಟ್ಟು. ಡ್ಯೂಮಾ ಕೈಚೆಲ್ಲಿದರು. ನಿಜ ಸಂಗತಿ ಏನೆಂದರೆ ಪಾದರಸದ ಆವಿಯಲ್ಲಿ ಪರಮಾಣುಗಳು ಒಂಟಿ, ರಂಜಕದಲ್ಲಿ ನಾಲ್ಕರ ಗುಂಪು, ಡ್ಯೂಮಾ ಅಳೆದ ಶಾಖದಲ್ಲಿ ಗಂಧಕದಲ್ಲಿ ಆರರ ಗುಂಪು. ಪ್ರಕೃತಿ ಎಲ್ಲ ಕಡೆಯೂ ಜೋಡಿಯನ್ನೇ ಕಟ್ಟುತ್ತದೆ ಎಂದು ಅವೊಗಾಡ್ರೊ ಹೇಳಿರಲೇ ಇಲ್ಲ. ಅಣುವಿನಲ್ಲಿ ನಾಲ್ಕು, ಎಂಟು ಭಾಗಗಳೂ ಇರಬಹುದೆಂದು 1811ರಲ್ಲೇ ಸೂಚಿಸಿದ್ದರು. ಅದನ್ನು ಓದುವ ತಾಳ್ಮೆ ಯಾರಿಗೂ ಇದ್ದಂತಿಲ್ಲ.

ಹುದ್ದೆ ಹೋಯಿತು, ಬಂತು

1820ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯ ಗಣಿತೀಯ ಭೌತಶಾಸ್ತ್ರಕ್ಕೆ ಹೊಸ ಪೀಠವೊಂದನ್ನು ಸ್ಥಾಪಿಸಿ ಅವೊಗಾಡ್ರೊ ಅವರನ್ನು ಕರೆಸಿಕೊಂಡಿತು. ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. 1821ರಲ್ಲಿ ರಾಜಪ್ರಭುತ್ವದ ವಿರುದ್ಧ ಪೀಡ್‌ಮಾಂಟ್‌ನಲ್ಲಿ ದಂಗೆ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ದಂಗೆ ಅಡಗಿದ ಮೇಲೆ ಸರ್ಕಾರದ ಕಣ್ಣು ವಿಶ್ವವಿದ್ಯಾಲಯದ ಮೇಲೆ ಬಿತ್ತು. ಪೀಠ ರದ್ದಾಯಿತು. ಅವೊಗಾಡ್ರೊ ಅವರಿಗೆ ಬೋಧನೆಯ ಹೊರೆ ಇಳಿಸಿ ಸಂಶೋಧನೆಗೆ ಬಿಡುವು ಮಾಡಿಕೊಡಲಾಗಿದೆ ಎಂಬ ನಯವಾದ ಕಾರಣವನ್ನು ಕಡತದಲ್ಲಿ ನಮೂದಿಸಲಾಯಿತು. ಸರ್ಕಾರಿ ಭಾಷೆ ಎಲ್ಲ ದೇಶ, ಎಲ್ಲ ಕಾಲದಲ್ಲೂ ಒಂದೇ ಎನ್ನಬೇಕು. ಚಿಕ್ಕ ಪಿಂಚಣಿಯೊಡನೆ ಅವರು ಮರಳಿ ಕಾನೂನಿನ ಕೆಲಸಕ್ಕೆ ಹೊರಳಿದರು. ಆದರೆ ಅಧ್ಯಯನ ನಿಲ್ಲಿಸಲಿಲ್ಲ.

1832ರಲ್ಲಿ ಹೊಸ ರಾಜನ ಕಾಲದಲ್ಲಿ ಪೀಠ ಮತ್ತೆ ತೆರೆಯಿತು. ಅದರಲ್ಲಿ ಮೊದಲು ಕುಳಿತವರು ಫ್ರಾನ್ಸ್ ಬಿಟ್ಟು ಬಂದಿದ್ದ ಸುಪ್ರಸಿದ್ಧ ಗಣಿತಜ್ಞ ಕೌಶಿ. ಅವರು ಹೊರಟುಹೋದ ಮೇಲೆ 1834ರಲ್ಲಿ ಅವೊಗಾಡ್ರೊ ತಮ್ಮ ಹಳೆಯ ಕುರ್ಚಿಗೆ ಹಿಂದಿರುಗಿದರು. 1850ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಪಾಠ ಹೇಳಿದರು. 1837ರಿಂದ 1841ರವರೆಗೆ ನಾಲ್ಕು ಸಂಪುಟಗಳ ಭೌತಶಾಸ್ತ್ರದ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಇದರ ನಡುವೆ ಅಂಕಿಸಂಖ್ಯೆ, ಹವಾಮಾನ, ತೂಕ ಮತ್ತು ಅಳತೆಗೆ ಸಂಬಂಧಿಸಿದ ಸರ್ಕಾರಿ ಸಮಿತಿಗಳಲ್ಲೂ ದುಡಿದರು. ಪೀಡ್‌ಮಾಂಟ್‌ನಲ್ಲಿ ಮೀಟರ್, ಕಿಲೋಗ್ರಾಂ ಪದ್ಧತಿ ಜಾರಿಗೆ ಬರುವುದರಲ್ಲಿ ಅವರ ಪಾತ್ರವಿತ್ತು.

ಖಾಸಗಿ ಬದುಕಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಪತ್ನಿ ಫೆಲಿಚಿಟಾ ಮಾಜ್ಜೆ ಬಿಯೆಲ್ಲಾ ಪಟ್ಟಣದವರು. ಆರು ಮಕ್ಕಳು. ಮಿತಭಾಷಿ, ಸರಳ ಜೀವಿ, ಧರ್ಮಶ್ರದ್ಧೆಯುಳ್ಳವರು ಎಂದು ಜೀವನಚರಿತ್ರೆಕಾರರು ಚಿತ್ರಿಸಿದ್ದಾರೆ. 1856ರ ಜುಲೈ 9ರಂದು, 80 ತುಂಬಲು ಒಂದು ತಿಂಗಳು ಬಾಕಿ ಇರುವಾಗ ಟ್ಯೂರಿನ್‌ನಲ್ಲಿ ಕೊನೆಯುಸಿರೆಳೆದರು. ಅಂದಿಗೆ ಅವರ ಪ್ರಬಂಧಕ್ಕೆ 45 ವರ್ಷ. ನೀರಿನ ಸೂತ್ರ ಯಾವುದು ಎಂಬ ಬಗ್ಗೆ ಆಗಲೂ ರಸಾಯನಶಾಸ್ತ್ರಜ್ಞರಲ್ಲಿ ಒಮ್ಮತವಿರಲಿಲ್ಲ.

ಇದು ಉತ್ಪ್ರೇಕ್ಷೆಯಲ್ಲ. ಕೆಲವರಿಗೆ ಇಂಗಾಲದ ತೂಕ 6, ಕೆಲವರಿಗೆ 12. ಕೆಲವರಿಗೆ ಆಮ್ಲಜನಕ 8, ಕೆಲವರಿಗೆ 16. ಪ್ರತಿ ದೇಶ, ಪ್ರತಿ ಪ್ರಯೋಗಶಾಲೆಯೂ ತನ್ನದೇ ಲೆಕ್ಕ ಇಟ್ಟುಕೊಂಡಿತ್ತು. ಜರ್ಮನಿಯ ಕೆಕುಲೆ 1861ರ ತಮ್ಮ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲವೊಂದಕ್ಕೇ, ಅಂದರೆ ವಿನಿಗರ್‌ಗೆ ಹುಳಿ ತರುವ ವಸ್ತುವಿಗೆ, ಬಳಕೆಯಲ್ಲಿದ್ದ 19 ಬಗೆಯ ಸೂತ್ರಗಳನ್ನು ಪಟ್ಟಿಮಾಡಿದ್ದರು.

ಕಾರ್ಲ್ಸ್‌ರೂಹೆಯ ಮೂರು ದಿನ

ಈ ಗೊಂದಲ ಬಗೆಹರಿಸಲೆಂದು 1860ರ ಸೆಪ್ಟೆಂಬರ್ 3ರಿಂದ 5ರವರೆಗೆ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಯೂರೋಪಿನ ರಸಾಯನಶಾಸ್ತ್ರಜ್ಞರ ಸಮ್ಮೇಳನ ನಡೆಯಿತು. ನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. ಅವರಲ್ಲಿ ಇಟಲಿಯಿಂದ ಬಂದ 34 ವರ್ಷದ ಸ್ಟಾನಿಸ್ಲಾವೊ ಕನಿಜಾರೊ ಒಬ್ಬರು. ಸಿಸಿಲಿಯ ಪಲೆರ್ಮೊದವರಾದ ಇವರು 1848ರ ಕ್ರಾಂತಿಯಲ್ಲಿ ಭಾಗವಹಿಸಿ, ಅದು ಸೋತಾಗ ದೇಶ ಬಿಟ್ಟು ಪ್ಯಾರಿಸ್ ಸೇರಿ, ಅನಂತರ ಜಿನೋವಾದಲ್ಲಿ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಮರೆತುಹೋದ ಅವೊಗಾಡ್ರೊ ವಿಚಾರವನ್ನು ಬಳಸಿದರೆ ಎಲ್ಲ ತೂಕಗಳೂ ತಾವಾಗಿಯೇ ಹೊಂದಿಕೊಳ್ಳುವುದನ್ನು ಕಂಡರು. ಆ ಪಾಠಗಳ ಸಾರವನ್ನು 1858ರಲ್ಲಿ ಚಿಕ್ಕ ಪ್ರಬಂಧವಾಗಿ ಪ್ರಕಟಿಸಿದರು.

ಸಮ್ಮೇಳನದಲ್ಲಿ ಕನಿಜಾರೊ ಆವೇಶದಿಂದ ಮಾತನಾಡಿದರು. ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ವಿಜ್ಞಾನದ ಸತ್ಯವನ್ನು ಕೈ ಎತ್ತಿ ಮತ ಹಾಕಿ ನಿರ್ಧರಿಸಲಾಗದು ಎಂಬ ಅಭಿಪ್ರಾಯವೇ ಮೇಲಾಯಿತು. ಆದರೆ ಎಲ್ಲರೂ ಊರಿಗೆ ಹೊರಡುವ ಹೊತ್ತಿಗೆ ಕನಿಜಾರೊ ಅವರ ಸ್ನೇಹಿತ ಪವೇಸಿ ಆ ಪ್ರಬಂಧದ ಪ್ರತಿಗಳನ್ನು ಹಂಚಿದರು. ಜರ್ಮನಿಯ ಲೋಥರ್ ಮೇಯರ್ ಅದನ್ನು ಜೇಬಿಗಿಳಿಸಿ ಹೋಗಿ ಓದಿದರು. ಅವರ ಸಂಶಯಗಳೆಲ್ಲ ಕರಗಿದವು. ರಷ್ಯದಿಂದ ಬಂದಿದ್ದ ಯುವಕ ಮೆಂಡಲೀವ್ ಕೂಡ ಆ ಸಭೆಯಲ್ಲಿದ್ದರು. ಸರಿಯಾದ ಪರಮಾಣು ತೂಕಗಳು ಕೈಗೆ ಸಿಕ್ಕಿದ ಮೇಲೆಯೇ 1869ರಲ್ಲಿ ಮೆಂಡಲೀವರ ಆವರ್ತ ಕೋಷ್ಟಕ ಸಾಧ್ಯವಾಯಿತು. ಇಂದು ಪ್ರತಿ ಶಾಲೆಯ ಪ್ರಯೋಗಾಲಯದ ಗೋಡೆಯ ಮೇಲೆ ತೂಗುವ ಆ ಪಟದ ಬುಡದಲ್ಲಿ ವೆರ್ಚೆಲ್ಲಿಯ ಮೇಷ್ಟರ ತರ್ಕವಿದೆ. ಅದನ್ನು ನೋಡಲು ಅವರು ಇರಲಿಲ್ಲ. ನಾಲ್ಕೇ ವರ್ಷಗಳ ಅಂತರದಲ್ಲಿ ತಪ್ಪಿಹೋಗಿತ್ತು.

ಎಣಿಸಲಾಗದ್ದನ್ನು ತೂಗುವುದು

ಇನ್ನು ಸಂಖ್ಯೆಯ ವಿಷಯ. ಸಮಾನ ಗಾತ್ರದಲ್ಲಿ ಸಮಾನ ಅಣುಗಳು ಎಂದಾದ ಮೇಲೆ 2 ಗ್ರಾಂ ಜಲಜನಕ, 32 ಗ್ರಾಂ ಆಮ್ಲಜನಕ, 28 ಗ್ರಾಂ ಸಾರಜನಕ ಇವುಗಳಲ್ಲಿ ಅಣುಗಳ ಸಂಖ್ಯೆ ಒಂದೇ ಎಂಬುದು ಸಹಜವಾಗಿ ಬರುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್, ಒಂದು ವಾಯುಮಂಡಲದ ಒತ್ತಡದಲ್ಲಿ ಇವು ಒಂದೊಂದೂ ಸುಮಾರು 22.4 ಲೀಟರ್ ಜಾಗ ಹಿಡಿಯುತ್ತವೆ. ಆ ಸಂಖ್ಯೆ ಎಷ್ಟು ಎಂಬುದು ಮಾತ್ರ ಗುಟ್ಟಾಗಿಯೇ ಉಳಿದಿತ್ತು.

1865ರಲ್ಲಿ ವಿಯೆನ್ನಾದ ಲೋಶ್ಮಿಟ್ ಗಾಳಿಯ ಅಣುವಿನ ಗಾತ್ರವನ್ನು ಮೊದಲ ಬಾರಿಗೆ ಅಂದಾಜು ಮಾಡಿದರು. ಸಂಖ್ಯೆಯ ದಾರಿ ಅಲ್ಲಿಂದ ತೆರೆಯಿತು. 1890ರ ದಶಕದಲ್ಲಿ ಜರ್ಮನಿಯ ಓಸ್ಟ್‌ವಾಲ್ಡ್ ಈ ಪ್ರಮಾಣಕ್ಕೆ ಮೋಲ್ ಎಂಬ ಪದವನ್ನು ಟಂಕಿಸಿದರು. ತಮಾಷೆಯೆಂದರೆ ಆಗ ಓಸ್ಟ್‌ವಾಲ್ಡ್‌ಗೆ ಪರಮಾಣುಗಳ ಅಸ್ತಿತ್ವದಲ್ಲೇ ನಂಬಿಕೆ ಇರಲಿಲ್ಲ. ಅವರಂಥವರ ಬಾಯಿ ಕಟ್ಟಿಸಿದವರು ಫ್ರಾನ್ಸಿನ ಝಾನ್ ಪೆರಾನ್. ಗ್ಯಾಂಬೋಜ್ ಎಂಬ ಹಳದಿ ಅಂಟಿನ ಅತಿ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಬಿಟ್ಟು, ಎತ್ತರಕ್ಕೆ ಹೋದಂತೆ ಅವು ಹೇಗೆ ವಿರಳವಾಗುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ನಮ್ಮ ಮಲೆನಾಡು, ಕರಾವಳಿಯವರಿಗೆ ಪರಿಚಿತವಾದ ಮುರುಗಲು ಮತ್ತು ಉಪ್ಪಾಗೆ ಮರಗಳ ಕುಲಕ್ಕೇ ಸೇರಿದ ಮರದ ಅಂಟು ಅದು. ಬೆಟ್ಟ ಹತ್ತಿದಂತೆ ಗಾಳಿ ವಿರಳವಾಗುವ ನಿಯಮವೇ ಮಿಲಿಮೀಟರಿನ ಅಲ್ಪ ಭಾಗದಷ್ಟು ಎತ್ತರದಲ್ಲಿ ಈ ಕಣಗಳಿಗೂ ಅನ್ವಯಿಸುತ್ತಿತ್ತು. ಅದರಿಂದ ಅಣುಗಳ ಸಂಖ್ಯೆ ದೊರೆಯಿತು. ಬೇರೆ ಬೇರೆ ದಾರಿಗಳಿಂದ ಹೊರಟರೂ ಉತ್ತರ ಸರಿಸುಮಾರು ಒಂದೇ ಬಂದಿತು. 1909ರಲ್ಲಿ ಪೆರಾನ್ ಅದಕ್ಕೆ ಅವೊಗಾಡ್ರೊ ಹೆಸರನ್ನಿಟ್ಟರು. 1926ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಓಸ್ಟ್‌ವಾಲ್ಡ್ ಅಷ್ಟರಲ್ಲಾಗಲೇ ಪರಮಾಣುವನ್ನು ಒಪ್ಪಿಕೊಂಡಾಗಿತ್ತು.

ಡಜನ್ ಎಂದರೆ 12, ಗ್ರೋಸ್ ಎಂದರೆ 144. ಅದೇ ರೀತಿ ಮೋಲ್ ಎಂದರೆ 6.022 ಗುಣಿಸು 10ರ 23ನೇ ಘಾತ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 602 ಕೋಟಿ ಕೋಟಿ ಕೋಟಿ. ಭೂಮಿಯ ಮೇಲಿನ 800 ಕೋಟಿ ಜನ ಸೆಕೆಂಡಿಗೆ ಒಂದರಂತೆ ಹಗಲಿರುಳು ಎಣಿಸುತ್ತ ಕುಳಿತರೂ ಒಂದು ಮೋಲ್ ಮುಗಿಯಲು ಸುಮಾರು 24 ಲಕ್ಷ ವರ್ಷ ಬೇಕು. ಆದ್ದರಿಂದ ಎಣಿಸುವ ಬದಲು ತೂಗುತ್ತಾರೆ. ಒಂದೊಂದು ನಾಣ್ಯದ ತೂಕ ತಿಳಿದಿದ್ದರೆ ಚೀಲವನ್ನೇ ತೂಗಿ ನಾಣ್ಯಗಳೆಷ್ಟು ಎಂದು ಹೇಳಬಹುದಲ್ಲ, ಹಾಗೆ.

ಚಿನ್ನದ ಉದಾಹರಣೆ ತೆಗೆದುಕೊಳ್ಳೋಣ. ಪತ್ರಿಕೆಗಳಲ್ಲಿ ನಿತ್ಯ ಬರುವ ಧಾರಣೆ 10 ಗ್ರಾಂಗೆ. ಚಿನ್ನದ ಒಂದು ಮೋಲ್ ಸುಮಾರು 197 ಗ್ರಾಂ ತೂಗುತ್ತದೆ. 10ನ್ನು 197ರಿಂದ ಭಾಗಿಸಿದರೆ 0.0508 ಮೋಲ್. ಅದನ್ನು ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಅಪ್ಪಟ ಚಿನ್ನದ 10 ಗ್ರಾಂನಲ್ಲಿ ಸುಮಾರು 30 ಕೋಟಿ ಕೋಟಿ ಕೋಟಿ ಪರಮಾಣುಗಳು. ಹಿಮ್ಮುಖವಾಗಿಯೂ ಹೋಗಬಹುದು. ತಾಮ್ರದ 3.011 ಗುಣಿಸು 10ರ 23ನೇ ಘಾತದಷ್ಟು ಪರಮಾಣುಗಳಿವೆ ಎಂದರೆ ಅವೊಗಾಡ್ರೊ ಸಂಖ್ಯೆಯಿಂದ ಭಾಗಿಸಬೇಕು. ಅರ್ಧ ಮೋಲ್ ಬಂತು. ತಾಮ್ರದ ಒಂದು ಮೋಲ್ 63.5 ಗ್ರಾಂ ಆದ್ದರಿಂದ ತೂಕ ಸುಮಾರು 31.8 ಗ್ರಾಂ. ಸಂಖ್ಯೆಗೆ ಹೋಗಲು ಗುಣಾಕಾರ, ಮೋಲ್‌ಗೆ ಮರಳಲು ಭಾಗಾಕಾರ. ಇದಕ್ಕಿಂತ ಹೆಚ್ಚಿನ ಮಂತ್ರವೇನೂ ಇಲ್ಲ.

ಆದರೂ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಸಾಕಷ್ಟಿದ್ದಾರೆ. 32 ಗ್ರಾಂ ಆಮ್ಲಜನಕದ ಅನಿಲದಲ್ಲಿ ಪರಮಾಣುಗಳೆಷ್ಟು ಎಂದು ಕೇಳಿದರೆ 6.022 ಎಂದು ಆರಂಭಿಸಿಬಿಡುತ್ತಾರೆ. ಅದು ಅಣುಗಳ ಸಂಖ್ಯೆ. ಪ್ರತಿ ಅಣುವಿನಲ್ಲೂ ಎರಡು ಪರಮಾಣುಗಳಿರುವುದರಿಂದ ಉತ್ತರ ಅದರ ಎರಡರಷ್ಟು, ಅಂದರೆ 12.044 ಗುಣಿಸು 10ರ 23ನೇ ಘಾತ. 18 ಗ್ರಾಂ ನೀರಿನಲ್ಲಿ ಅಣುಗಳು ಒಂದು ಮೋಲ್, ಪರಮಾಣುಗಳು ಮೂರು ಮೋಲ್. ಗಮನಿಸಬೇಕಾದ ಸಂಗತಿ ಎಂದರೆ ವಿದ್ಯಾರ್ಥಿ ಎಡವುವ ಈ ಜಾಗ ಹೊಸದಲ್ಲ. ಅಣು ಬೇರೆ, ಪರಮಾಣು ಬೇರೆ ಎಂದು 1811ರಲ್ಲಿ ಅವೊಗಾಡ್ರೊ ಗೆರೆ ಎಳೆದದ್ದು ಇಲ್ಲಿಯೇ. ಡಾಲ್ಟನ್, ಬರ್ಜೀಲಿಯಸ್, ಡ್ಯೂಮಾ ಎಡವಿದ್ದೂ ಇದರ ಆಸುಪಾಸಿನಲ್ಲೇ. ಹದಿನೇಳರ ಹುಡುಗನನ್ನು ದಡ್ಡ ಎನ್ನುವ ಮೊದಲು ಮೇಷ್ಟರು ಇದನ್ನು ನೆನೆಯುವುದೊಳಿತು.

ಸಿಲಿಕಾನ್ ಗೋಳ

1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಮಾನ ಪದ್ಧತಿಯ ಮೂಲಮಾನಗಳಲ್ಲಿ ಒಂದಾಯಿತು. 12 ಗ್ರಾಂ ಇಂಗಾಲ-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಎಂಬುದು ಅಂದಿನ ವ್ಯಾಖ್ಯೆ. ಹಾಗಾಗಿ ಆ ಸಂಖ್ಯೆಯನ್ನು ಪ್ರಯೋಗದಿಂದ ಅಳೆಯಬೇಕಿತ್ತು, ಅಳತೆ ಸುಧಾರಿಸಿದಂತೆ ಕೊನೆಯ ಅಂಕಿಗಳು ಬದಲಾಗುತ್ತಿದ್ದವು. ಇದನ್ನು ನಿಖರಗೊಳಿಸಲು ಹಲವು ದೇಶಗಳ ವಿಜ್ಞಾನಿಗಳು ಸೇರಿ ಬಹುತೇಕ ಒಂದೇ ಬಗೆಯ ಪರಮಾಣುಗಳುಳ್ಳ ಶುದ್ಧ ಸಿಲಿಕಾನಿನಿಂದ ಒಂದು ಕಿಲೋಗ್ರಾಂ ತೂಗುವ ಗೋಳಗಳನ್ನು ತಯಾರಿಸಿದರು. ಸುಮಾರು 9.4 ಸೆಂಟಿಮೀಟರ್ ವ್ಯಾಸದ ಆ ಗೋಳಗಳನ್ನು ನುಣುಪಿನ ಪರಾಕಾಷ್ಠೆಗೆ ಉಜ್ಜಲಾಯಿತು. ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರವನ್ನು ಎಕ್ಸ್-ಕಿರಣದಿಂದ ಅಳೆದು, ಗೋಳದ ಒಟ್ಟು ಗಾತ್ರದೊಂದಿಗೆ ಹೋಲಿಸಿ ಪರಮಾಣುಗಳನ್ನು ಎಣಿಸಲಾಯಿತು.

2018ರ ನವೆಂಬರ್‌ನಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಸೇರಿದ ತೂಕ ಮತ್ತು ಅಳತೆಗಳ ಮಹಾ ಸಮ್ಮೇಳನ ಹೊಸ ವ್ಯಾಖ್ಯೆಗೆ ಒಪ್ಪಿಗೆ ನೀಡಿತು. 2019ರ ಮೇ 20ರಿಂದ ಅದು ಜಾರಿಯಲ್ಲಿದೆ. ಈಗ ಮೋಲ್ ಎಂದರೆ ನಿಖರವಾಗಿ 6.02214076 ಗುಣಿಸು 10ರ 23ನೇ ಘಾತ. ಇಂಗಾಲದ ಹಂಗಿಲ್ಲ, ಅಳತೆಯ ಅನಿಶ್ಚಿತತೆ ಇಲ್ಲ.

ಇಟಲಿ ತನ್ನ ಮಗನನ್ನು ತಡವಾಗಿಯಾದರೂ ನೆನೆಯಿತು. ನಿಧನದ ಶತಮಾನೋತ್ಸವದ 1956ರಲ್ಲಿ ಅಲ್ಲಿನ ಅಂಚೆ ಇಲಾಖೆ 25 ಲೀರಾ ಬೆಲೆಯ ಅಂಚೆಚೀಟಿಯಲ್ಲಿ ಅವರ ಮುಖವನ್ನು ಅಚ್ಚು ಹಾಕಿಸಿತು. ವೆಸೂವಿಯಸ್ ಜ್ವಾಲಾಮುಖಿಯಲ್ಲಿ ದೊರೆತ ಖನಿಜವೊಂದಕ್ಕೆ ಅವೊಗಾಡ್ರೈಟ್ ಎಂಬ ಹೆಸರಿದೆ. ಚಂದ್ರನ ಮೇಲಿನ ಕುಳಿಯೊಂದಕ್ಕೂ ಅವರದೇ ಹೆಸರು.